ಊಟವಾದ ಮೇಲೆ ಬಾಯಿಗೆ ಏನು ಹಾಕಿಕೊಳ್ಳಬೇಕು? ಸೋಂಪು, ಮಜ್ಜಿಗೆ, ಎಲೆ ಅಡಿಕೆ, ಚೂರ್ಣದ ಗೋಲಿ

ಪ್ರಶ್ನೆ: ನಮ್ಮದು ಐದು ಜನರ ಮನೆ. ನನಗೆ 46 ವರ್ಷ. ಮಧ್ಯಾಹ್ನ ಊಟವಾದ ಮೇಲೆ ಹೊಟ್ಟೆ ಭಾರ, ತೇಗು ಮೇಲೆ ತೇಗು. ನಮ್ಮ ಯಜಮಾನರಿಗೆ 54, ರಾತ್ರಿ ಮಲಗಿದ ಮೇಲೆ ಎದೆ ಉರಿ ಅನ್ನುತ್ತಾರೆ. ಅತ್ತೆಗೆ ಶುಗರ್ ಇದೆ, ಊಟವಾದ ಮೇಲೆ ಎಲೆ ಅಡಿಕೆ ಬೇಕೇ ಬೇಕು. ಮಾವನಿಗೆ ಬಿಪಿ, ಅವರು ದಿನಾ ಓಂಕಾಳಿಗೆ ಕಪ್ಪು ಉಪ್ಪು ಬೆರೆಸಿ ತಿನ್ನುತ್ತಾರೆ. ಮಗ ಅಂಗಡಿಯಿಂದ ಹುಳಿ ಸಿಹಿ ಚೂರ್ಣದ ಗೋಲಿ ತರುತ್ತಾನೆ. ಇವುಗಳಲ್ಲಿ ನಿಜವಾಗಿ ಜೀರ್ಣಕ್ಕೆ ನೆರವಾಗುವುದು ಯಾವುದು? ಎಲ್ಲರೂ ಒಂದೇ ತಿನ್ನಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಎಲ್ಲರೂ ಒಂದೇ ತಿನ್ನುವುದು ಬೇಡ. ನೀವು ಬರೆದಿರುವುದನ್ನೇ ಇನ್ನೊಮ್ಮೆ ನೋಡಿ. ನಿಮ್ಮದು ಹೊಟ್ಟೆ ಭಾರ ಮತ್ತು ತೇಗು. ಯಜಮಾನರದು ಹೊಟ್ಟೆಯ ಆಮ್ಲ ಮೇಲಕ್ಕೆ ಬರುವ ತೊಂದರೆ. ಇವೆರಡೂ ಬೇರೆ ಬೇರೆ. ನಿಮಗೆ ಹಿತವಾದದ್ದು ಅವರ ಉರಿಯನ್ನು ಜಾಸ್ತಿ ಮಾಡಬಹುದು. ಅತ್ತೆಯವರ ವಿಷಯದಲ್ಲಿ ಸಕ್ಕರೆ ನೋಡಬೇಕು, ಮಾವನವರ ವಿಷಯದಲ್ಲಿ ಉಪ್ಪು ನೋಡಬೇಕು. ಹಾಗಾಗಿ ಯಾವ ಪದಾರ್ಥ ಒಳ್ಳೆಯದು ಅನ್ನುವುದಕ್ಕಿಂತ ಯಾರಿಗೆ ಏನು ತೊಂದರೆ ಅನ್ನುವುದು ಮೊದಲು ಗೊತ್ತಾಗಬೇಕು.

ಊಟ ಹೊಟ್ಟೆ ಸೇರಿದ ಮೇಲೆ ಸಾಮಾನ್ಯವಾಗಿ 2ರಿಂದ 4 ಗಂಟೆ ಅಲ್ಲೇ ಇರುತ್ತದೆ. ನುರಿದು ಗಂಜಿಯ ಹಾಗಾಗಿ, ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಇಳಿಯುತ್ತದೆ. ಎಣ್ಣೆ, ತುಪ್ಪ ಜಾಸ್ತಿ ಇದ್ದರೆ ಇನ್ನೂ ನಿಧಾನ. ಹೋಳಿಗೆ ಊಟದ ದಿನ ಸಂಜೆ ತನಕ ಹಸಿವೇ ಆಗುವುದಿಲ್ಲ, ಅಲ್ವಾ? ಕಾರಣ ಇದೇ. ಅಷ್ಟೊಂದು ಊಟವನ್ನು ಒಂದು ಚಿಟಿಕೆ ಸೋಂಪು ಕರಗಿಸಿಬಿಡುತ್ತದೆ ಎಂದು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಅದು ಮಾಡುವ ಕೆಲಸ ಬೇರೆ. ಬಾಯಲ್ಲಿ ಎಂಜಲು ಊರುವಂತೆ ಮಾಡುತ್ತದೆ. ಹೊಟ್ಟೆ ಮತ್ತು ಕರುಳಿನ ಸ್ನಾಯುಗಳ ಬಿಗಿತವನ್ನು ಸ್ವಲ್ಪ ಸಡಿಲಿಸುತ್ತದೆ, ಸಿಕ್ಕಿಕೊಂಡ ಗಾಳಿ ಸುಲಭವಾಗಿ ಹೊರಗೆ ಹೋಗುತ್ತದೆ. ಊಟ ಮುಗಿಯಿತು ಎಂದು ಬಾಯಿಗೆ ಗೊತ್ತಾಗುತ್ತದೆ, ಇನ್ನೂ ಏನಾದರೂ ತಿನ್ನುವ ಚಪಲ ನಿಲ್ಲುತ್ತದೆ. ಕೆಲಸ ಸಣ್ಣದೇ, ಆದರೆ ಉಪಯೋಗದ್ದು.

ಸೋಂಪನ್ನೇ ಮೊದಲು ತೆಗೆದುಕೊಳ್ಳೋಣ. ಉತ್ತರ ಕರ್ನಾಟಕದ ಕಡೆ ಬಡೇಸೋಪು ಅನ್ನುತ್ತಾರೆ. ಅದರ ಸಿಹಿ ವಾಸನೆಗೆ ಕಾರಣ ಅನೆಥೋಲ್ ಎಂಬ ಎಣ್ಣೆಯ ಅಂಶ. ಕರುಳಿನ ಸ್ನಾಯು ಸಡಿಲಿಸುವುದೂ ಮುಖ್ಯವಾಗಿ ಅದೇ. ಆದರೆ ನನಗೆ ಅನ್ನಿಸುವ ಪ್ರಕಾರ ಇಲ್ಲಿ ಅರ್ಧ ಲಾಭ ಅಗಿಯುವುದರಿಂದಲೇ ಬರುತ್ತದೆ. ಎರಡು ನಿಮಿಷ ಅಗಿದರೆ ಎಂಜಲು ಚೆನ್ನಾಗಿ ಬರುತ್ತದೆ. ಅನ್ನನಾಳಕ್ಕೆ ಏರಿದ ಆಮ್ಲವನ್ನು ಅದು ತೊಳೆದು ಕೆಳಗೆ ಇಳಿಸುತ್ತದೆ. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಇಡುವ ಸೋಂಪನ್ನು ಮುಷ್ಟಿ ತುಂಬ ಬಾಯಿಗೆ ಸುರಿದು, ಗಬಕ್ಕನೆ ನುಂಗಿ ಹೊರಟರೆ ಈ ಲಾಭ ಸಿಗುವುದಿಲ್ಲ. ಅರ್ಧ ಟೀ ಚಮಚ ಸಾಕು. ನಿಧಾನವಾಗಿ ಅಗಿಯಿರಿ.

ಮನೆಯಲ್ಲೇ ಹುರಿದಿಟ್ಟುಕೊಳ್ಳಿ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ಆಡಿಸುತ್ತಾ ಇರಬೇಕು. ಮೊದಲು ಹಸಿ ವಾಸನೆ ಬರುತ್ತದೆ. ಆಮೇಲೆ ಕಾಳು ಸ್ವಲ್ಪ ಉಬ್ಬಿ, ಘಮ ಬದಲಾಗುತ್ತದೆ. ಆಗಲೇ ಇಳಿಸಿ, ಬೇರೆ ತಟ್ಟೆಗೆ ಹಾಕಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕಪ್ಪಾಗಿ ಕಹಿಯಾಗುತ್ತದೆ. ಆರಿದ ಮೇಲೆ ಹಲ್ಲಿಗೆ ಕರುಂ ಅನ್ನಬೇಕು. ನಾಲ್ಕು ಪಾಲು ಸೋಂಪಿಗೆ ಒಂದು ಪಾಲು ಹುರಿದ ಎಳ್ಳು, ಒಂದು ಪಾಲು ಕೊತ್ತಂಬರಿ ಬೀಜದ ಬೇಳೆ, ಕಾಲು ಪಾಲು ಓಂಕಾಳು ಸೇರಿಸಿದರೆ ಒಳ್ಳೆಯ ಮಿಶ್ರಣ. ಗುಜರಾತಿನವರು ಮುಖವಾಸ್ ಎಂದು ಮಾಡುವುದು ಬಹುಪಾಲು ಇದನ್ನೇ. ಕೊತ್ತಂಬರಿ ಬೇಳೆಯನ್ನು ಅವರು ಧನಾ ದಾಲ್ ಅನ್ನುತ್ತಾರೆ, ನಮ್ಮ ಕಡೆಯ ದಿನಸಿ ಅಂಗಡಿಗಳಲ್ಲೂ ಈಗ ಸಿಗುತ್ತದೆ. ಕಣ್ಣು ಕುಕ್ಕುವ ಹಸಿರು ಬಣ್ಣದ ಸೋಂಪು ಮಾತ್ರ ಬೇಡ. ಅನುಮಾನ ಇದ್ದರೆ ಒಂದು ಲೋಟ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ನೀರು ದಟ್ಟ ಹಸಿರಾದರೆ ಬಣ್ಣ ಹಾಕಿದ್ದಾರೆ ಎಂದೇ ಅರ್ಥ. ಬಣ್ಣ ಬಣ್ಣದ ಸಕ್ಕರೆ ಹೊದಿಸಿದ್ದು ಮಿಠಾಯಿ, ಸೋಂಪು ಅಲ್ಲ. ಅತ್ತೆಯವರಿಗಂತೂ ಕೊಡಲೇಬೇಡಿ.

ಓಂಕಾಳು ಸೋಂಪಿಗಿಂತ ಖಾರ, ಜೋರು. ಅದರಲ್ಲಿರುವುದು ಥೈಮಾಲ್. ಹಿತ್ತಿಲಿನ ದೊಡ್ಡಪತ್ರೆ ಎಲೆಯನ್ನು ಹಿಸುಕಿದಾಗ ಅದೇ ತರಹದ ವಾಸನೆ ಬರುತ್ತದಲ್ಲ, ಅದರ ಎಣ್ಣೆಯೂ ಇದೇ ಗುಂಪಿನದು. ಹೊಟ್ಟೆ ಉಬ್ಬರ, ಸಣ್ಣಗೆ ಹಿಂಡುವ ನೋವು ಇದ್ದವರಿಗೆ ಓಂಕಾಳು ಹಿತ. ಆದರೆ ಕಾಲು ಟೀ ಚಮಚದ ಮೇಲೆ ಬೇಡ. ಎದೆ ಉರಿ ಇದ್ದವರಿಗೆ ಇದರ ಖಾರವೇ ತೊಂದರೆ. ಮಾವನವರಿಗೆ ಓಂಕಾಳು ಇರಲಿ, ಅದಕ್ಕೆ ಬೆರೆಸುವ ಕಪ್ಪು ಉಪ್ಪು ಬಿಡಿಸಿ. ಕಪ್ಪು ಉಪ್ಪು ಔಷಧಿ, ಅದರಿಂದ ಬಿಪಿಗೆ ಏನೂ ಆಗುವುದಿಲ್ಲ ಎಂದು ನಂಬಿದವರು ಬಹಳ ಜನ. ಆ ಮೊಟ್ಟೆಯ ವಾಸನೆ ಗಂಧಕದ ಅಂಶದಿಂದ ಬರುತ್ತದೆ. ಉಳಿದಂತೆ ಅದೂ ಮುಖ್ಯವಾಗಿ ಅಡುಗೆ ಉಪ್ಪೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಕಾಲು ಚಮಚ ಅಂದರೆ ಸುಮಾರು ಒಂದೂಕಾಲು ಗ್ರಾಂ. ಇಡೀ ದಿನದ ಪಾಲಿನ ಕಾಲು ಭಾಗ ಬರೀ ಆ ಚಿಟಿಕೆಯಲ್ಲೇ ಹೋಯಿತು. ಸಾರು, ಹುಳಿ, ಉಪ್ಪಿನಕಾಯಿ, ಹಪ್ಪಳ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈಗ ಮಜ್ಜಿಗೆ. ಇವೆಲ್ಲದರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಮಜ್ಜಿಗೆಯನ್ನೇ ಆರಿಸುತ್ತೇನೆ. ಸಾರು, ಹುಳಿ, ಪಲ್ಯ ಎಲ್ಲ ಆದ ಮೇಲೆ ಕೊನೆಗೆ ಮಜ್ಜಿಗೆ ಅನ್ನ ಅಥವಾ ಒಂದು ಲೋಟ ನೀರು ಮಜ್ಜಿಗೆ. ದಕ್ಷಿಣದ ಊಟದ ಈ ಕ್ರಮದಲ್ಲಿ ಬಹಳ ತಿಳಿವಳಿಕೆ ಇದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ನಮ್ಮಲ್ಲಿ ಬಹಳ ದೊಡ್ಡವರಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಅದರಲ್ಲಿ ಒಂದಷ್ಟನ್ನು ತಿಂದು ಆಮ್ಲವಾಗಿಸುತ್ತವೆ. ಮೊಸರು ಹುಳಿಯಾಗುವುದು ಹಾಗೆಯೇ. ಉಳಿದ ಲ್ಯಾಕ್ಟೋಸ್ ಒಡೆಯುವುದಕ್ಕೂ ಅವೇ ಹೊಟ್ಟೆಯೊಳಗೆ ನೆರವಾಗುತ್ತವೆ. ಅದಕ್ಕೇ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವ ಎಷ್ಟೋ ಜನರಿಗೆ ಮಜ್ಜಿಗೆಯಿಂದ ಏನೂ ತೊಂದರೆ ಇಲ್ಲ. ಕಡೆದು ಬೆಣ್ಣೆ ತೆಗೆದರೆ ಜಿಡ್ಡು ಕಡಿಮೆ. ನೀರು ಜಾಸ್ತಿ ಇರುವುದರಿಂದ ಹೊಟ್ಟೆಗೆ ಹಗುರ.

ಮಾಡುವ ಬಗೆ ನಿಮಗೆ ಗೊತ್ತೇ ಇದೆ. ಆದರೂ ಒಂದೆರಡು ವಿಷಯ ಹೇಳುತ್ತೇನೆ. ಒಂದು ಪಾಲು ಮೊಸರಿಗೆ ಮೂರರಿಂದ ನಾಲ್ಕು ಪಾಲು ನೀರು ಹಾಕಿ. ಸುಮ್ನೆ ಚಮಚದಲ್ಲಿ ಕಲಕಬೇಡಿ, ಚೆನ್ನಾಗಿ ಕಡೆಯಿರಿ. ಬೆರಳ ತುದಿಯಷ್ಟು ಹಸಿ ಶುಂಠಿ, ನಾಲ್ಕು ಕರಿಬೇವಿನ ಎಲೆ, ಸ್ವಲ್ಪ ಕೊತ್ತಂಬರಿ ಸೊಪ್ಪನ್ನು ಜಜ್ಜಿ ಹಾಕಿ. ಹುರಿದು ಪುಡಿ ಮಾಡಿದ ಜೀರಿಗೆ ಒಂದು ಚಿಟಿಕೆ ಇರಲಿ. ಹತ್ತು ನಿಮಿಷ ಬಿಟ್ಟು ಸೋಸಿ ಕುಡಿಯಿರಿ. ಹಸಿಮೆಣಸಿನಕಾಯಿ ಬೇಡ. ಮಾವನವರ ಲೋಟಕ್ಕೆ ಉಪ್ಪು ಹಾಕಬೇಡಿ. ಶುಂಠಿ, ಕರಿಬೇವಿನ ಘಮ ಇದ್ದರೆ ಒಂದು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಮಜ್ಜಿಗೆಯಲ್ಲಿರುವ ಜೀವಂತ ಬ್ಯಾಕ್ಟೀರಿಯಾ ಬೇಕು ಅಂದರೆ ಅದನ್ನು ಕುದಿಸಬಾರದು. ಮಜ್ಜಿಗೆ ಹುಳಿ ರುಚಿಯಾದ ಪದಾರ್ಥ, ಖಂಡಿತ ಮಾಡಿ, ಆದರೆ ಈ ಲಾಭ ಅದರಲ್ಲಿ ಇರುವುದಿಲ್ಲ. ತೀರಾ ಹುಳಿ ಬಂದ ಮಜ್ಜಿಗೆ ಎದೆ ಉರಿ ಇದ್ದವರಿಗೆ ಆಗದಿರಬಹುದು. ಯಜಮಾನರಿಗೆ ಅವತ್ತೇ ಹೆಪ್ಪಾದ, ಸಿಹಿ ಮೊಸರಿನ ಮಜ್ಜಿಗೆ ಕೊಡಿ. ಮಧ್ಯಾಹ್ನ ಮಾತ್ರ.

ಶುಂಠಿಯ ಬಗ್ಗೆ ಒಂದು ಮಾತು. ಶುಂಠಿ ಇಲ್ಲದ ಕಷಾಯ ಇಲ್ಲ ಎಂದು ಹಿರಿಯರು ಹೇಳುತ್ತಿದ್ದದ್ದು ಬರೀ ರೂಢಿಗಲ್ಲ. ಸುಮಾರು 1.2 ಗ್ರಾಂ ಶುಂಠಿ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ಕೊಟ್ಟು ಹೊಟ್ಟೆ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಅಳೆದು ನೋಡಿದ್ದಾರೆ. ಆರೋಗ್ಯವಂತರಲ್ಲೂ, ಅಜೀರ್ಣ ಇದ್ದವರಲ್ಲೂ ಹೊಟ್ಟೆ ಬೇಗ ಖಾಲಿಯಾಯಿತು. ಆದರೆ ಅಜೀರ್ಣ ಇದ್ದವರಿಗೆ ಅದರಿಂದ ಹಿತ ಅನ್ನಿಸಿತಾ ಎಂದು ಕೇಳಿದಾಗ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅಂದರೆ ಶುಂಠಿ ಕೆಲಸ ಮಾಡುತ್ತದೆ, ಪವಾಡ ಮಾಡುವುದಿಲ್ಲ. ಅಂಥ ಪ್ರಯೋಗಗಳಲ್ಲಿ ಅದನ್ನು ಊಟದ ಮೊದಲೇ ಕೊಟ್ಟಿರುತ್ತಾರೆ ಅನ್ನುವುದನ್ನೂ ಗಮನಿಸಿ. ನಿಮ್ಮ ಹೊಟ್ಟೆ ಭಾರಕ್ಕೆ ಇದನ್ನು ಪ್ರಯತ್ನಿಸಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ಕಾಲು ಲೋಟ ಬಿಸಿನೀರಿಗೆ ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ ಒಣಶುಂಠಿ ಪುಡಿ ಹಾಕಿ ಕುಡಿಯಿರಿ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ದಿನಾ ಕುಡಿಯಬಾರದು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಅಡುಗೆಯಲ್ಲಿ ಜೀರ್ಣದ ಕೆಲಸವನ್ನು ಊಟದ ಕೊನೆಗೆ ಅಂತ ಬಿಟ್ಟಿರಲಿಲ್ಲ. ಮಲೆನಾಡಿನಲ್ಲಿ ಊಟ ಶುರುವಾಗುವುದೇ ತಂಬುಳಿಯಿಂದ. ದೊಡ್ಡಪತ್ರೆ, ಒಂದೆಲಗ, ಶುಂಠಿ, ಜೀರಿಗೆ, ಹೊಟ್ಟೆ ಸಡಿಲವಾದ ದಿನ ದಾಳಿಂಬೆ ಸಿಪ್ಪೆ. ಕರಾವಳಿಯಲ್ಲಿ ಪುನರ್ಪುಳಿ ಸಾರು, ಉತ್ತರ ಕನ್ನಡದಲ್ಲಿ ಅದನ್ನೇ ಮುರುಗಲು ಅನ್ನುತ್ತಾರೆ. ಗೋವಾ, ಕೊಂಕಣದಲ್ಲಿ ಅದಕ್ಕೇ ತೆಂಗಿನ ಹಾಲು ಸೇರಿಸಿ ಸೋಲ್ ಕಡಿ ಮಾಡುತ್ತಾರೆ. ಕೇರಳದಲ್ಲಿ ಊಟದ ಜೊತೆಗೆ ಜೀರಿಗೆ ಹಾಕಿ ಕುದಿಸಿದ ನೀರು. ತಮಿಳುನಾಡಿನಲ್ಲಿ ದೀಪಾವಳಿಯ ಬೆಳಿಗ್ಗೆ ತಿಂಡಿಗಳನ್ನು ಮುಟ್ಟುವ ಮೊದಲೇ ಒಣಶುಂಠಿ, ಹಿಪ್ಪಲಿ, ಓಮ, ಬೆಲ್ಲ, ತುಪ್ಪದ ಲೇಹ್ಯ ತಿನ್ನುತ್ತಾರೆ. ಎಣ್ಣೆ ತಿಂಡಿ ತಿನ್ನುವ ದಿನ ಹೊಟ್ಟೆಯನ್ನು ಮೊದಲೇ ಸಿದ್ಧ ಮಾಡುವ ಆ ಯೋಚನೆ ನನಗೆ ಬಹಳ ಇಷ್ಟ. ಈಗ ನಾವು ತಂಬುಳಿ ಬಿಟ್ಟೆವು, ನೀರು ಸಾರು ಬಿಟ್ಟೆವು, ಊಟವನ್ನು ಹತ್ತು ನಿಮಿಷಕ್ಕೆ ಇಳಿಸಿದೆವು. ಆಮೇಲೆ ಎಲ್ಲ ಭಾರವನ್ನೂ ಒಂದು ಗೋಲಿಯ ಮೇಲೆ ಹೊರಿಸುತ್ತೇವೆ.

ಇಂಗಿನದೂ ಅದೇ ಕಥೆ. ಅದು ಫೆರುಲಾ ಎಂಬ ಗಿಡದ ಬೇರಿನಿಂದ ಒಸರುವ ಅಂಟು. ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ತರಿಸಿಕೊಳ್ಳುತ್ತಾ ಬಂದಿದ್ದೇವೆ. 2020ರಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುವ ಪ್ರಯತ್ನ ಶುರುವಾಯಿತು. ಇಂಗಿನ ಜಾಗ ಒಗ್ಗರಣೆ, ಊಟವಾದ ಮೇಲಿನ ಚಮಚ ಅಲ್ಲ. ಯಾಕೆಂದರೆ ಹುರುಳಿ, ಅವರೆ, ಕಡಲೆಯಿಂದ ಬರುವ ವಾಯು ಹೊಟ್ಟೆಯಲ್ಲಿ ಆಗುವುದಲ್ಲ. ಆ ಕಾಳುಗಳ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಅವು ಹಾಗೆಯೇ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ತಿಂದಾಗ ಗಾಳಿ ಹುಟ್ಟುತ್ತದೆ. ಇದಕ್ಕೆ ಹಲವು ಗಂಟೆ ಹಿಡಿಯುತ್ತದೆ. ಕಾಳನ್ನು ರಾತ್ರಿಯೇ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಸೋಂಪು, ಓಂಕಾಳು ಎಲ್ಲಕ್ಕಿಂತ ಜಾಸ್ತಿ ಲಾಭ. ಇನ್ನೊಂದು ವಿಷಯ: ಡಬ್ಬಿಯ ಇಂಗಿನಲ್ಲಿ ಮೈದಾ ಅಥವಾ ಅಕ್ಕಿ ಹಿಟ್ಟು, ಗೋಂದು ಬೆರೆತಿರುತ್ತದೆ. ಗೋಧಿ ಆಗದವರು ಡಬ್ಬಿ ಮೇಲಿನ ಪಟ್ಟಿ ಓದಿ ತೆಗೆದುಕೊಳ್ಳಬೇಕು.

ಅತ್ತೆಯವರ ಎಲೆ ಅಡಿಕೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವುದು ಸುಲಭ ಅಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಮ್ಮ ರಾಜ್ಯ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಮಕ್ಕಳ ಫೀಸು, ಮದುವೆ ಖರ್ಚು ಎಲ್ಲ ಅಡಿಕೆಯಿಂದಲೇ. ತಾಂಬೂಲ ಇಲ್ಲದೆ ನಮ್ಮಲ್ಲಿ ಒಂದು ಶುಭಕಾರ್ಯವೂ ಆಗುವುದಿಲ್ಲ. ಎಲೆ ಅಡಿಕೆ ಹಾಕಿಕೊಂಡರೆ ಊಟ ಇಳಿಯುತ್ತದೆ ಎಂದು ಅತ್ತೆಯವರು ಹೇಳುವುದೂ ಸುಳ್ಳಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶ ಇದೆ. ಅದು ಎಂಜಲು ಜಾಸ್ತಿ ಮಾಡುತ್ತದೆ, ಕರುಳಿನ ಚಲನೆಯನ್ನು ಚುರುಕು ಮಾಡುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ, ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಹಾಕುವುದಿಲ್ಲ, ಹಾಗಾಗಿ ಭಯ ಇಲ್ಲ ಎಂದು ಅಂದುಕೊಳ್ಳುವವರು ಇದನ್ನು ತಿಳಿದಿರಬೇಕು. ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆನ್ನೆಯ ಒಳಭಾಗ ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯೂ ಬರುತ್ತದೆ. ಜೀರ್ಣಕ್ಕೆ ಇಷ್ಟು ಬೆಲೆ ತೆರುವುದು ಬೇಡ.

ಆದರೆ ಅತ್ತೆಯವರಿಗೆ ನಾಳೆಯಿಂದಲೇ ಬಿಡಿ ಎಂದು ಹೇಳಿದರೆ ಆಗುವುದಿಲ್ಲ. ಅವರಿಗೆ ಅದು ಊಟದ ಒಂದು ಭಾಗ. ಎಲೆ ಇರಲಿ. ಮೈಸೂರು ವೀಳ್ಯದೆಲೆಯಾದರೆ ಇನ್ನೂ ಒಳ್ಳೆಯದು, ಮೆತ್ತಗೆ ಇರುತ್ತದೆ, ಖಾರ ಹದವಾಗಿರುತ್ತದೆ. ತೊಟ್ಟು, ತುದಿ ಮುರಿದು ಒರೆಸಿ, ಅಡಿಕೆ ಮತ್ತು ಸುಣ್ಣದ ಬದಲು ಹುರಿದ ಸೋಂಪು, ಒಂದು ಏಲಕ್ಕಿ, ಒಂದು ಲವಂಗ, ಸ್ವಲ್ಪ ಒಣಕೊಬ್ಬರಿ ತುರಿ ಇಟ್ಟು ಮಡಚಿ ಕೊಡಿ. ಗುಲ್ಕಂದ್ ಬೇಡ, ಅದರಲ್ಲಿ ಗುಲಾಬಿ ದಳದಷ್ಟೇ ಸಕ್ಕರೆಯೂ ಇರುತ್ತದೆ. ಮೊದಲು ರಾತ್ರಿಯ ಅಡಿಕೆ ನಿಲ್ಲಲಿ, ಆಮೇಲೆ ಮಧ್ಯಾಹ್ನದ್ದು. ಅವರ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು, ಖಾರ ತಾಗಿದರೆ ಉರಿ ಇದೆಯಾ ಎಂದು ಒಮ್ಮೆ ದಂತವೈದ್ಯರ ಹತ್ತಿರ ತೋರಿಸಿ. ಇದನ್ನು ಮುಂದೂಡಬೇಡಿ.

ಮಗ ತರುವ ಚೂರ್ಣದ ಗೋಲಿಯ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಡಬ್ಬಿಯ ಹಿಂದೆ ಬರೆದಿರುವ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರುತ್ತದೆ. ಸಿಹಿ ಗೋಲಿಗಳಲ್ಲಿ ಬಹುತೇಕ ಅದು ಸಕ್ಕರೆ, ಆಮೇಲೆ ಉಪ್ಪು, ಹುಳಿ. ಅಪರೂಪಕ್ಕೆ ಒಂದೆರಡು ತಿಂದರೆ ತೊಂದರೆ ಇಲ್ಲ. ಅತ್ತೆ, ಮಾವ ಇಬ್ಬರಿಗೂ ಬೇಡ. ಬೆಲ್ಲದ ಚೂರಿಗೂ ಇದೇ ಮಾತು. ಬಾಯಿಗೆ ಸಂತೋಷ, ಜೀರ್ಣಕ್ಕೆ ಅದರಿಂದ ವಿಶೇಷ ಏನಿಲ್ಲ, ಶುಗರ್ ಇದ್ದವರಿಗೆ ಅದೂ ಸಕ್ಕರೆಯೇ. ಊಟದ ಜೊತೆ ಕೊಡುವ ಬಾಳೆಹಣ್ಣು ಮಲಬದ್ಧತೆ ಇದ್ದವರಿಗೆ ಸ್ವಲ್ಪ ನೆರವು, ನಾರಿನಂಶ ಇದೆ. ಹೊಟ್ಟೆ ಬಿರಿಯುವಂತೆ ಉಂಡ ಮೇಲೆ ಅದನ್ನೂ ತುರುಕಬೇಡಿ, ಸಂಜೆ ನಾಲ್ಕಕ್ಕೆ ತಿನ್ನಿ. ತ್ರಿಫಲ ಚೂರ್ಣ ಅಂದರೆ ಅಳಲೆ, ತಾರೆ, ನೆಲ್ಲಿ ಸೇರಿದ್ದು. ಅದರಲ್ಲಿ ಅಳಲೆಗೆ ಮಲ ಸಡಿಲಿಸುವ ಗುಣ ಇದೆ. ಅದು ಔಷಧಿ, ಊಟವಾದ ಮೇಲಿನ ಚಪಲಕ್ಕೆ ತಿನ್ನುವ ವಸ್ತು ಅಲ್ಲ. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಇನ್ನು ನಿಮ್ಮಿಬ್ಬರ ವಿಷಯ. ನಿಮ್ಮ ತೇಗಿನಲ್ಲಿ ಬರುವುದು ಹೆಚ್ಚಾಗಿ ಊಟದ ಜೊತೆ ನುಂಗಿದ ಗಾಳಿ. ಎಲ್ಲರಿಗೂ ಬಡಿಸಿ, ಕೊನೆಗೆ ತಟ್ಟೆ ಹಿಡಿದು ಅವಸರದಲ್ಲಿ ಉಣ್ಣುತ್ತೀರಾ? ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಬೆಳಿಗ್ಗೆಯಿಂದ ಕಾಫಿಯ ಮೇಲೇ ಇದ್ದು, ಎರಡು ಗಂಟೆಗೆ ಒಮ್ಮೆಲೇ ತಟ್ಟೆ ತುಂಬ ಅನ್ನ. ಮೊದಲು ಅದನ್ನು ಸರಿಮಾಡಿ. ಎಲ್ಲರ ಜೊತೆಗೇ ಕೂತು ಊಟ ಮಾಡಿ, ಬೇಕಾದವರು ಬಡಿಸಿಕೊಳ್ಳಲಿ. ಅನ್ನ ಒಂದು ಸೌಟು ಕಡಿಮೆ, ಕೊನೆಗೆ ಶುಂಠಿ ಹಾಕಿದ ಮಜ್ಜಿಗೆ, ಆಮೇಲೆ ಅರ್ಧ ಚಮಚ ಸೋಂಪು ಅಗಿಯುತ್ತಾ ಹದಿನೈದು ನಿಮಿಷ ನಿಧಾನ ನಡಿಗೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಳ್ಳಿ. ಊಟವಾದ ಮೇಲಿನ ನಡಿಗೆಯಿಂದ ಅವರ ಶುಗರ್ ಏರುವುದೂ ಕಡಿಮೆಯಾಗುತ್ತದೆ.

ಯಜಮಾನರಿಗೆ ರಾತ್ರಿ ಪುದೀನ, ಓಂಕಾಳು, ಹುಳಿ ಮಜ್ಜಿಗೆ ಮೂರೂ ಬೇಡ. ಪುದೀನ ಕರುಳಿಗೆ ಒಳ್ಳೆಯದೇ. ಕರುಳಿನ ಸೆಳೆತಕ್ಕೆ ಪುದೀನ ಜಾತಿಯ ಎಣ್ಣೆಯ ಕ್ಯಾಪ್ಸೂಲನ್ನೇ ವೈದ್ಯರು ಕೊಡುತ್ತಾರೆ, ಆದರೆ ಅದು ಕರುಳಿಗೆ ಹೋದ ಮೇಲೆಯೇ ಬಿಚ್ಚುವಂತೆ ಮಾಡಿರುತ್ತಾರೆ. ಬಾಯಿಂದಲೇ ಶುರುವಾದರೆ ಅನ್ನನಾಳ ಮತ್ತು ಹೊಟ್ಟೆ ಸೇರುವ ಜಾಗದ ಬಿಗಿತವೂ ಸಡಿಲವಾಗಿ ಆಮ್ಲ ಮೇಲೆ ಬರುತ್ತದೆ. ರಾತ್ರಿ ಊಟ ಮಲಗುವುದಕ್ಕೆ ಮೂರು ಗಂಟೆ ಮೊದಲೇ ಮುಗಿಯಲಿ. ಮಂಚದ ತಲೆಯ ಕಡೆಯ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಎಡಮಗ್ಗುಲಲ್ಲಿ ಮಲಗಲಿ. ಅಡುಗೆ ಸೋಡಾ ಕಲಸಿ ಕುಡಿಯುವ ಅಭ್ಯಾಸ ಇದ್ದರೆ ನಿಲ್ಲಿಸಿ.

54ನೇ ವಯಸ್ಸಿನಲ್ಲಿ ದಿನಾ ಎದೆ ಉರಿ ಇದೆ ಅಂದರೆ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು, ಇಸಿಜಿ ಕೂಡ ಮಾಡಿಸಿ. ನುಂಗಲು ಕಷ್ಟ, ಕಾರಣ ಇಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ಮತ್ತೆ ಮತ್ತೆ ವಾಂತಿ, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡಬೇಡಿ. ಎದೆ ಹಿಂಡಿದಂತಾಗಿ ಬೆವರು, ಉಸಿರು ಕಟ್ಟುವುದು, ನೋವು ಕೈಗೋ ದವಡೆಗೋ ಹರಡುವುದು ಆದರೆ ಗ್ಯಾಸ್ ಇರಬೇಕು ಎಂದು ಇಂಗಿನ ನೀರು ಕೊಟ್ಟು ಕಾಯುತ್ತಾ ಕೂರಬೇಡಿ. ಶುಗರ್ ಇರುವ ಅತ್ತೆಯವರಿಗೆ ಹೃದಯದ ತೊಂದರೆ ಬಂದರೆ ಎದೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಹೊಟ್ಟೆ ತೊಳಸುವಿಕೆಯಾಗಿಯೂ ಕಾಣಬಹುದು. ಆಗ 108ಕ್ಕೆ ಫೋನ್ ಮಾಡಿ.